ಬೋಳು ಟೈರು ಬೇಸಿಗೆಯಲ್ಲಿ ಹೇಳುವ ಸುಳ್ಳು

ಯಲ್ಲಾಪುರದಿಂದ ಕಿರವತ್ತಿಯ ಮೇಲೆ ಹುಬ್ಬಳ್ಳಿಗೆ ಹೋಗುವ ರಸ್ತೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಡಾಂಬರು ಕಾದು ಕೂತಿದೆ. ಒಂದೇ ಮಾದರಿಯ ಎರಡು ಕಾರುಗಳನ್ನು ಇಲ್ಲಿ ಓಡಿಸಿ ನೋಡೋಣ. ಒಂದಕ್ಕೆ ನಿನ್ನೆಯಷ್ಟೇ ಹಾಕಿಸಿದ ಹೊಸ ಟೈರು. ಇನ್ನೊಂದರ ಟೈರಿನಲ್ಲಿ ಕಚ್ಚು ಹುಡುಕಿದರೂ ಸಿಗದು, ಪೂರ್ತಿ ಬೋಳು. ಎರಡೂ ಅರವತ್ತರ ವೇಗದಲ್ಲಿ ಬಂದು ಒಂದೇ ಗೆರೆಯ ಮೇಲೆ ಬ್ರೇಕ್ ಒತ್ತಲಿ. ಮೊದಲು ಯಾವುದು ನಿಂತೀತು?

ಹೊಸ ಟೈರಿನದು ಎಂದು ಹೇಳಿದವರು ಸೋಲುವ ಸಾಧ್ಯತೆಯೇ ಹೆಚ್ಚು. ರಬ್ಬರ್ ಹಳತಾಗಿ ಗಟ್ಟಿಯಾಗಿರದಿದ್ದರೆ, ಒಣ ರಸ್ತೆಯಲ್ಲಿ ಬೋಳು ಟೈರು ಹೊಸದರಷ್ಟೇ ಚೆನ್ನಾಗಿ, ಎಷ್ಟೋ ಸಲ ಅದಕ್ಕಿಂತ ತುಸು ಬಿಗಿಯಾಗಿಯೇ ನೆಲ ಹಿಡಿಯುತ್ತದೆ. ಫಾರ್ಮುಲಾ ಒನ್ ಪಂದ್ಯದ ಕಾರುಗಳು ಒಣ ದಿನಗಳಲ್ಲಿ ಕಚ್ಚೇ ಇಲ್ಲದ ನುಣ್ಣನೆ ಟೈರಿನಲ್ಲಿ ಓಡುವುದು ಇದೇ ಕಾರಣಕ್ಕೆ. ಕೋಟಿಗಟ್ಟಲೆ ಸುರಿಯುವ ಆ ತಂಡಗಳಿಗೆ ಕಚ್ಚು ಕೊರೆಸುವುದೇನೂ ದುಬಾರಿಯಲ್ಲ. ಆದರೆ ಒಣ ನೆಲದಲ್ಲಿ ಕಚ್ಚಿನಿಂದ ನಷ್ಟವೇ.

ಶಾಲೆಯಲ್ಲಿ ಕಲಿತ ಘರ್ಷಣೆಯ ನಿಯಮಕ್ಕೂ ಇದಕ್ಕೂ ಹೊಂದುವುದಿಲ್ಲ. 1699ರಲ್ಲಿ ಫ್ರಾನ್ಸಿನ ಗಿಯೋಮ್ ಅಮೊಂಟೊನ್ಸ್ ಮಂಡಿಸಿದ ನಿಯಮದ ಪ್ರಕಾರ ಘರ್ಷಣೆ ಭಾರವನ್ನು ಅವಲಂಬಿಸುತ್ತದೆ, ತಾಗುವ ಜಾಗದ ಅಗಲವನ್ನಲ್ಲ. ಮರಕ್ಕೂ ಕಬ್ಬಿಣಕ್ಕೂ ಇದು ಒಪ್ಪುತ್ತದೆ. ರಬ್ಬರ್ ಮಾತ್ರ ಒಪ್ಪುವುದಿಲ್ಲ. ಅದು ಜಲ್ಲಿಯ ಮೊನೆಗಳ ಸಂದಿಯೊಳಕ್ಕೆ ಇಳಿದು, ಅಲ್ಲಿ ಹಿಗ್ಗಿ ಕುಗ್ಗಿ ಶಕ್ತಿಯನ್ನು ಬಿಸಿಯಾಗಿ ಕರಗಿಸುತ್ತದೆ. ಜೊತೆಗೆ ಅಣುಗಳ ಮಟ್ಟದಲ್ಲಿ ಕಲ್ಲಿಗೆ ಅಂಟಿ ಅಂಟಿ ಬಿಡುತ್ತದೆ. ಅಂಟಲು ಜಾಗ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಹೊಸ ಟೈರಿನ ಮೈಯಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಬರೀ ತೋಡುಗಳೇ ಇರುತ್ತವೆ. ಅಲ್ಲಿ ರಬ್ಬರ್ ನೆಲಕ್ಕೆ ತಾಗುವುದೇ ಇಲ್ಲ. ಸವೆದ ಟೈರಿಗೆ ಪೂರ್ತಿ ಮೈ ನೆಲದ ಮೇಲೆ.

ಹಾಗಾದರೆ ಕಚ್ಚು ಇರುವುದು ಯಾಕೆ? ನೀರಿಗಾಗಿ. ಕೆಸರು, ಹಿಮದ ಮಾತು ಬಿಟ್ಟರೆ ನೀರಿಗಾಗಿ ಮಾತ್ರ. ಈ ಒಂದು ಸಂಗತಿ ತಲೆಗೆ ಹೋದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಶಿರಸಿಯಲ್ಲಿ ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಸಿದ್ದಾಪುರದ ಘಟ್ಟದಂಚಿಗೆ ಹೋದರೆ ಇನ್ನೂ ಹೆಚ್ಚು. ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುತ್ತದೆ. ದೀಪಾವಳಿ ಕಳೆದ ಮೇಲೆ ಮೇ ತಿಂಗಳವರೆಗೆ ರಸ್ತೆ ಹೆಚ್ಚುಕಡಿಮೆ ಒಣ. ಈ ಅವಧಿಯಲ್ಲಿ ಅಡಕೆ ಮಾರುಕಟ್ಟೆಯ ಓಡಾಟ, ಮದುವೆ ಮುಂಜಿ, ಹುಬ್ಬಳ್ಳಿ ಆಸ್ಪತ್ರೆ, ಮಕ್ಕಳ ಪರೀಕ್ಷೆ ಎಂದು ಟೈರು ಸವೆಯುತ್ತ ಹೋಗುತ್ತದೆ. ಆದರೆ ಸವೆದದ್ದು ಸ್ಟೀರಿಂಗ್ ಹಿಡಿದವನ ಅನುಭವಕ್ಕೆ ಬರುವುದಿಲ್ಲ. ಗಾಡಿ ಮೊದಲಿಗಿಂತ ಚೆನ್ನಾಗಿಯೇ ನಿಲ್ಲುತ್ತಿದೆ, ತಿರುವಿನಲ್ಲಿ ಬಿಗಿಯಾಗಿಯೇ ಹೊರಳುತ್ತಿದೆ. ‘ಇನ್ನೂ ಒಂದು ಮಳೆಗಾಲ ಬರುತ್ತದೆ ಬಿಡಿ’ ಎಂದು ಟೈರಂಗಡಿಯವನಿಗೆ ಹೇಳುವಾಗ ಗಾಡಿಯವನು ಸುಳ್ಳಾಡುತ್ತಿಲ್ಲ. ಏಳು ತಿಂಗಳ ಪ್ರತ್ಯಕ್ಷ ಅನುಭವದಿಂದಲೇ ಮಾತಾಡುತ್ತಿದ್ದಾನೆ. ಆ ಅನುಭವ ಪೂರ್ತಿ ನಿಜ, ಮತ್ತು ಮಳೆಗಾಲದ ಮಟ್ಟಿಗೆ ಪೂರ್ತಿ ನಿರುಪಯೋಗಿ. ಬ್ರೇಕ್ ಪ್ಯಾಡ್ ಸವೆದರೆ ಕಿರ್ರೆನ್ನುತ್ತದೆ, ಬ್ಯಾಟರಿ ಸೋತರೆ ಬೆಳಿಗ್ಗೆ ಗೊಣಗುತ್ತದೆ. ಟೈರಿಗೆ ಅಂಥ ಯಾವ ಮುನ್ಸೂಚನೆಯೂ ಇಲ್ಲ. ಒಣ ರಸ್ತೆಯಲ್ಲಿ ಅದು ಕೊನೆಯವರೆಗೂ ಸುಖದ ಸುದ್ದಿಯನ್ನೇ ಕೊಡುತ್ತಿರುತ್ತದೆ.

ಈಗ ನೀರು ಬರಲಿ.

ಸಾಧಾರಣ ಕಾರಿನ ಒಂದು ಟೈರು ನೆಲಕ್ಕೆ ತಾಗುವ ಜಾಗ ನೂರ ಮೂವತ್ತು ಚದರ ಸೆಂಟಿಮೀಟರಿನಷ್ಟು, ದೊಡ್ಡ ಅಂಗೈಯ ಅಗಲ. ಇಡೀ ಸಂಸಾರವನ್ನು ಹೊತ್ತು ಘಟ್ಟ ಇಳಿಯುವ ಕಾರು ಇಂಥ ನಾಲ್ಕು ಅಂಗೈಗಳ ಮೇಲೆ ನಿಂತಿದೆ. ರಸ್ತೆಯ ಮೇಲೆ ಎರಡು ಮಿಲಿಮೀಟರ್ ನೀರಿದ್ದು, ಹದಿನೆಂಟು ಸೆಂಟಿಮೀಟರ್ ಅಗಲದ ಟೈರು ಗಂಟೆಗೆ 80 ಕಿ.ಮೀ. ವೇಗದಲ್ಲಿ ಉರುಳಿದರೆ ಅದು ಪ್ರತಿ ಸೆಕೆಂಡಿಗೆ ಎಂಟು ಲೀಟರ್ ನೀರನ್ನು ದಾರಿಯಿಂದ ಸರಿಸಬೇಕು. ಟೈರಿನ ಒಂದು ಬಿಂದು ನೆಲವನ್ನು ಮುಟ್ಟಿ ಮೇಲೇಳುವುದರೊಳಗೆ ಸಿಗುವ ಸಮಯ ಸೆಕೆಂಡಿನ ಸಾವಿರ ಪಾಲುಗಳಲ್ಲಿ ಮೂರೋ ನಾಲ್ಕೋ ಪಾಲು. ಅಷ್ಟರೊಳಗೆ ನೀರು ಸರಿಯಬೇಕು, ಉಳಿದ ತೇವ ಒಡೆಯಬೇಕು, ಆಮೇಲೆ ರಬ್ಬರ್ ಕಲ್ಲನ್ನು ಮುಟ್ಟಬೇಕು.

ಹೀಗಾಗಿ ನೆನೆದ ರಸ್ತೆಯಲ್ಲಿ ಆ ಅಂಗೈಯಗಲದ ಜಾಗವೇ ಮೂರು ಪಾಲಾಗುತ್ತದೆ. ಮುಂಭಾಗದಲ್ಲಿ ನೀರಿನ ದಪ್ಪ ಪದರ ಟೈರನ್ನು ಮೇಲೆತ್ತಲು ನೋಡುತ್ತಿರುತ್ತದೆ. ನಡುವೆ ತೆಳುವಾದ ಪೊರೆ, ಅಲ್ಲಲ್ಲಿ ಮಾತ್ರ ರಬ್ಬರ್ ನೆಲಕ್ಕೆ ತಾಗಿದೆ. ಹಿಂಭಾಗದಲ್ಲಿ ಒಣ ಸ್ಪರ್ಶ. ಬ್ರೇಕ್ ಹಿಡಿಯುವುದೂ ಸ್ಟೀರಿಂಗ್ ತಿರುಗುವುದೂ ಈ ಹಿಂದಿನ ತುಂಡಿನ ಬಲದಿಂದಲೇ. ವೇಗ ಏರಿದಂತೆ ಮುಂದಿನ ಪಾಲು ಹಿಂದಕ್ಕೆ ಒತ್ತರಿಸುತ್ತದೆ. ಕಚ್ಚು ಸವೆದಂತೆಯೂ ಅಷ್ಟೇ. ಎಂಟು ಮಿಲಿಮೀಟರ್ ಆಳದ ತೋಡುಗಳಲ್ಲಿ ಅಡಗಿ ಹರಿದುಹೋಗುತ್ತಿದ್ದ ನೀರಿಗೆ ಈಗ ಎರಡು ಮಿಲಿಮೀಟರ್ ಮಾತ್ರ ಜಾಗ. ಹಿಂದಿನ ಪಾಲು ಸೊನ್ನೆಗೆ ಇಳಿದ ಗಳಿಗೆಯಲ್ಲಿ ಗಾಡಿ ರಸ್ತೆಯ ಮೇಲಿರುವುದಿಲ್ಲ, ನೀರಿನ ಮೇಲಿರುತ್ತದೆ. ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರವಾಗುತ್ತದೆ. ಅನುಭವಿಸಿದವರು ಇದನ್ನು ಮರೆಯುವುದಿಲ್ಲ.

ಇದರ ಲೆಕ್ಕ ಹಾಕಿದವರು ರಸ್ತೆಯವರಲ್ಲ, ವಿಮಾನದವರು. ನೆನೆದ ರನ್‌ವೇಯಲ್ಲಿ ವಿಮಾನಗಳು ನಿಲ್ಲದೆ ಜಾರಿ ಹೋಗುತ್ತಿದ್ದುದರ ಬೆನ್ನು ಹತ್ತಿದ ನಾಸಾದ ಲ್ಯಾಂಗ್ಲಿ ಕೇಂದ್ರದ ವಾಲ್ಟರ್ ಹಾರ್ನ್ ಮತ್ತು ರಾಬರ್ಟ್ ಡ್ರೆಹರ್ 1963ರಲ್ಲಿ ಒಂದು ವರದಿ ಬರೆದರು. ಅವರು ಕೊಟ್ಟ ಸೂತ್ರ ಅಚ್ಚರಿಪಡುವಷ್ಟು ಸರಳ. ನೀರು ಕಚ್ಚಿನ ಆಳವನ್ನು ಮೀರಿದ್ದರೆ, ಟೈರು ತೇಲುವ ವೇಗವನ್ನು ಅದರೊಳಗಿನ ಗಾಳಿಯ ಒತ್ತಡದ ವರ್ಗಮೂಲವೇ ತೀರ್ಮಾನಿಸುತ್ತದೆ. ಕಾರಿಗೆ ‘ಮೂವತ್ತೆರಡು ಗಾಳಿ’ ಹಾಕಿಸುತ್ತೇವಲ್ಲ, ಆ 32ರ ಒತ್ತಡಕ್ಕೆ ಲೆಕ್ಕ ಹಾಕಿದರೆ ಗಂಟೆಗೆ 94 ಕಿ.ಮೀ. ಗಾಳಿ 24ಕ್ಕೆ ಇಳಿದಿದ್ದರೆ 82. ತಿಂಗಳುಗಟ್ಟಲೆ ಗಾಳಿ ನೋಡದೆ ಓಡಿಸುವವರು ಗಮನಿಸಬೇಕಾದ ವ್ಯತ್ಯಾಸವಿದು. ಭಾರೀ ಒತ್ತಡದ ಗಾಳಿ ತುಂಬಿದ ಲಾರಿಗಳು ಈ ಸೂತ್ರದ ಪ್ರಕಾರ ತೇಲಲೇಬಾರದಿತ್ತು. ಆದರೆ ಖಾಲಿ ಲಾರಿಗಳು ತೇಲುತ್ತವೆ. ಭಾರವಿಲ್ಲದಾಗ ಅವುಗಳ ಟೈರು ನೆಲಕ್ಕೆ ತಾಗುವ ಜಾಗದ ಉದ್ದ ಕಡಿಮೆಯಾಗಿ ಅದು ಅಗಲದ ಪಟ್ಟಿಯಷ್ಟಾಗುತ್ತದೆ, ನೀರಿಗೆ ಪಕ್ಕಕ್ಕೆ ಜಾರಲು ಸಿಗುವ ಸಮಯ ಕಡಿಮೆಯಾಗುತ್ತದೆ. 1980ರ ದಶಕದಲ್ಲಿ ಹಾರ್ನ್ ತಮ್ಮ ಸೂತ್ರವನ್ನು ಇದಕ್ಕಾಗಿ ತಿದ್ದಿದರು.

ಕಿರವತ್ತಿಯ ನೇರ ರಸ್ತೆಯಲ್ಲಿ ಜುಲೈ ಮಳೆಗೆ ತೊಂಬತ್ತರಲ್ಲಿ ಹೋಗುವವರಿಗೆ ಈ ಸೂತ್ರ ಸಾಕು. ಆದರೆ ಟೈರಿನ ಬಗ್ಗೆ ಬರುವ ಲೇಖನಗಳೆಲ್ಲ ಇಲ್ಲಿಗೇ ನಿಲ್ಲುತ್ತವೆ ಎಂಬುದು ನನ್ನ ತಕರಾರು. ಯಲ್ಲಾಪುರ, ಶಿರಸಿ, ಸಿದ್ದಾಪುರ ಎಂಬ ನಮ್ಮ ಮೂರು ತಾಲೂಕುಗಳ ಕೆಟ್ಟ ಜಾಗಗಳು ನೇರ ರಸ್ತೆಯಲ್ಲಿಲ್ಲ. ಅವಿರುವುದು ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲ್ ಘಟ್ಟದಲ್ಲಿ, ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆಯಲ್ಲಿ, ಸಿದ್ದಾಪುರದಿಂದ ಕುಮಟೆಯ ಕಡೆಗಿನ ದೊಡ್ಮನೆ ಘಟ್ಟದಲ್ಲಿ, ಮಾವಿನಗುಂಡಿ ದಾಟಿ ಗೇರುಸೊಪ್ಪೆಗೆ ಇಳಿಯುವ ಸುತ್ತುಗಳಲ್ಲಿ. ಅಲ್ಲಿ ಯಾರೂ 94ರಲ್ಲಿ ಹೋಗುವುದಿಲ್ಲ, ಹೋಗಲು ಬರುವುದೂ ಇಲ್ಲ. ಮೂವತ್ತು ನಲವತ್ತರ ವೇಗದಲ್ಲಿ ಬರುತ್ತಿದ್ದ ಗಾಡಿ ‘ಸ್ಕಿಡ್ ಆಯಿತು’ ಅಂದರೆ ಅದು ನೀರಿನ ಮೇಲೆ ತೇಲಿದ್ದಲ್ಲ.

ಅಲ್ಲಿ ಕೆಲಸ ಮಾಡುವುದು ಟೈರಿನಡಿಯ ನಡುವಿನ ಪಾಲು, ಆ ತೆಳು ಪೊರೆ. ಅದರ ದಪ್ಪ ಮಿಲಿಮೀಟರಿನ ಚೂರಿನಷ್ಟು. ಅದನ್ನು ಒಡೆಯುವುದು ದೊಡ್ಡ ತೋಡುಗಳಲ್ಲ. ಟೈರಿನ ಗುಬ್ಬಿಗಳ ಮೇಲಿನ ಕೂದಲೆಳೆಯಂಥ ಸೀಳುಗಳ ಚೂಪು ಅಂಚು, ಮತ್ತು ರಸ್ತೆಯ ಜಲ್ಲಿಯ ಮೇಲ್ಮೈಯಲ್ಲಿರುವ ಕಣ್ಣಿಗೆ ಕಾಣದ ಒರಟುತನ. ಟೈರು ಸವೆದಾಗ ಮೊದಲು ಕಾಣೆಯಾಗುವುದು ಆ ಸೀಳುಗಳು. ಅನೇಕ ಟೈರುಗಳಲ್ಲಿ ಅವು ತೋಡಿನಷ್ಟು ಆಳಕ್ಕೆ ಇಳಿದಿರುವುದಿಲ್ಲ. ದೊಡ್ಡ ತೋಡು ಇನ್ನೂ ಕಾಣುತ್ತಿದೆ ಎಂದು ನಾವು ನಿಶ್ಚಿಂತರಾಗಿರುವಾಗಲೇ ಘಟ್ಟಕ್ಕೆ ಬೇಕಾದ ಭಾಗ ಮುಗಿದಿರಬಹುದು.

ರಸ್ತೆಯ ಒರಟುತನವೂ ಶಾಶ್ವತವಲ್ಲ. ಭಾರದ ಲಾರಿಗಳು ವರ್ಷಗಟ್ಟಲೆ ಉಜ್ಜಿ ಜಲ್ಲಿಯನ್ನು ನುಣುಪು ಮಾಡುತ್ತವೆ. ಅದಿರು ಲಾರಿಗಳ ಕಾಲದಲ್ಲಿ ಅರಬೈಲ್ ರಸ್ತೆ ಎಷ್ಟು ಉಜ್ಜಿಸಿಕೊಂಡಿತೆಂಬುದು ಇಲ್ಲಿಯವರಿಗೆ ಗೊತ್ತು. ಬೇಸಿಗೆಯ ಕಾವಿಗೆ ಟಾರು ಮೇಲೆದ್ದು ಜಲ್ಲಿಯನ್ನು ಮುಚ್ಚಿ ಕನ್ನಡಿಯಂತಾಗುವ ತುಂಡುಗಳಿವೆ. ಧರೆ ಕುಸಿದಲ್ಲೆಲ್ಲ ಕೆಮ್ಮಣ್ಣಿನ ರಾಡಿ. ಬಿಸಿಲೇ ಬೀಳದ ಮರದಡಿಯ ತಿರುವುಗಳಲ್ಲಿ ಡಾಂಬರಿನ ಅಂಚಿಗೆ ಪಾಚಿ. ಮಲೆನಾಡಿನವರು ತಮ್ಮ ಅಂಗಳದ ಪಾಚಿಗೆ ಹೆದರಿ ಅಡಕೆ ದಬ್ಬೆ ಹಾಸಿಕೊಂಡು, ಕಾಲ್ಬೆರಳು ಊರಿ ಊರಿ ಕೊಟ್ಟಿಗೆಗೆ ಹೋಗುತ್ತಾರೆ. ಅದೇ ಮನುಷ್ಯ ಸ್ಟೀರಿಂಗ್ ಹಿಂದೆ ಕೂತರೆ ಅದೇ ಪಾಚಿ ಅವನ ಲೆಕ್ಕಕ್ಕೆ ಬರುವುದಿಲ್ಲ, ಕಾಲು ನೆಲದ ಮೇಲಿಲ್ಲವಲ್ಲ.

ಮೊದಲ ಮಳೆಯ ಮಾತು ಬೇರೆಯೇ. ರೋಹಿಣಿಯಲ್ಲೋ ಮೃಗಶಿರದಲ್ಲೋ ಬೀಳುವ ಮೊದಲ ಹನಿಗಳು ರಸ್ತೆಯನ್ನು ತೊಳೆಯುವಷ್ಟಿರುವುದಿಲ್ಲ, ನೆನೆಸುವಷ್ಟಿರುತ್ತವೆ. ಆರೇಳು ತಿಂಗಳಿಂದ ಕೂತ ಧೂಳು, ಟೈರು ಸವೆದ ರಬ್ಬರಿನ ಪುಡಿ, ಸೋರಿದ ಎಣ್ಣೆ ಎಲ್ಲವೂ ಆ ನೀರಿನೊಡನೆ ಸೇರಿ ಲೋಳೆಯಾಗುತ್ತದೆ. ಬರೀ ನೀರಿಗಿಂತ ಇದು ಜಿಗುಟು, ಹಾಗಾಗಿ ಟೈರಿನಡಿಯಿಂದ ಹಿಂಡಿ ಹೊರಹಾಕುವುದು ಇನ್ನೂ ಕಷ್ಟ. ಅಮೆರಿಕದ 1975ರಿಂದ 2000ದವರೆಗಿನ ಅಪಘಾತಗಳ ದಾಖಲೆಯನ್ನು ಮಳೆಯ ದಾಖಲೆಯೊಡನೆ ಹೊಂದಿಸಿ ನೋಡಿದ ಡೇನಿಯಲ್ ಐಸೆನ್‌ಬರ್ಗ್ 2004ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು: ಹಿಂದಿನ ಮಳೆ ಬಿದ್ದು ದಿನ ಹೆಚ್ಚಾದಷ್ಟೂ ಇಂದಿನ ಮಳೆಯ ಅಪಾಯ ಹೆಚ್ಚು, ನಿನ್ನೆಯೂ ಚೆನ್ನಾಗಿ ಸುರಿದಿದ್ದರೆ ಇಂದಿನ ಅಪಾಯ ಕಡಿಮೆ. ರಸ್ತೆ ತೊಳೆದದ್ದು ಒಂದು ಕಾರಣ, ಓಡಿಸುವವನ ಕಾಲು ಮಳೆಗೆ ಹೊಂದಿಕೊಂಡದ್ದು ಇನ್ನೊಂದು. ನಮ್ಮಲ್ಲಿ ಈ ಎರಡರ ಜೊತೆ ಮೂರನೆಯದೂ ಕೂಡುತ್ತದೆ. ವರ್ಷದಲ್ಲಿ ಟೈರು ಅತಿ ಹೆಚ್ಚು ಸವೆದು ನಿಂತಿರುವುದೂ ಆ ವಾರದಲ್ಲೇ.

ಘಟ್ಟದ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡುವುದು ಒಳ್ಳೆಯದು. ಗಂಟೆಗೆ ನಲವತ್ತು ಕಿ.ಮೀ. ವೇಗ ಎಂದಿಟ್ಟುಕೊಳ್ಳಿ. ಒಣ ಡಾಂಬರಿನ ಹಿಡಿತವನ್ನು 0.7 ಎಂದೂ, ಒಳ್ಳೆಯ ಕಚ್ಚಿರುವ ಟೈರಿಗೆ ನೆನೆದ ರಸ್ತೆ ಕೊಡುವುದನ್ನು 0.4 ಎಂದೂ, ಬೋಳು ಟೈರು ಜಾರು ಪೊರೆಯ ಮೇಲೆ ಸಿಕ್ಕಾಗ ಉಳಿಯುವುದನ್ನು 0.2 ಎಂದೂ ಹಿಡಿಯೋಣ. ಅಂದಾಜಿನ ಅಂಕಿಗಳಾದರೂ ವಾಸ್ತವಕ್ಕೆ ದೂರವಲ್ಲ. ಸಮತಟ್ಟು ರಸ್ತೆಯಲ್ಲಿ ಬ್ರೇಕ್ ಹಿಡಿದಲ್ಲಿಂದ ನಿಲ್ಲುವ ದೂರ ಕ್ರಮವಾಗಿ 9 ಮೀಟರ್, 16 ಮೀಟರ್, 31 ಮೀಟರ್. ಈಗ ನೂರಕ್ಕೆ ಆರರ ಇಳಿಜಾರು ಸೇರಿಸಿ. ಗುರುತ್ವ ಆ ಮೂರು ಅಂಕಿಗಳಿಂದಲೂ 0.06ನ್ನು ಕಸಿದುಕೊಳ್ಳುತ್ತದೆ. ಒಣ ರಸ್ತೆಯ 9 ಮೀಟರ್ 10 ಆಗುತ್ತದೆ, ಗೊತ್ತೇ ಆಗುವುದಿಲ್ಲ. 16 ಇದ್ದದ್ದು ಹದಿನೆಂಟೂವರೆ. ಬೋಳು ಟೈರಿನ 31 ಮೀಟರ್ ಮಾತ್ರ 45ಕ್ಕೆ ಜಿಗಿಯುತ್ತದೆ. ಇಳಿಜಾರು ಎಲ್ಲರಿಂದಲೂ ಒಂದೇ ಮೊತ್ತ ಕೀಳುತ್ತದೆ, ಬಡವನಿಗೆ ಅದು ಹೆಚ್ಚು ತಾಗುತ್ತದೆ.

ನಲವತ್ತೈದು ಮೀಟರ್ ಎಂಬ ಅಂಕಿಗೆ ಇನ್ನೊಂದು ಮಹತ್ವವಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ನಲವತ್ತರ ವೇಗಕ್ಕೆ ರೂಪಿಸಿದ ರಸ್ತೆಯಲ್ಲಿ ಚಾಲಕನಿಗೆ ಮುಂದೆ ಕಾಣಬೇಕಾದ ಕನಿಷ್ಠ ದೂರವೂ 45 ಮೀಟರ್. ಅದರಲ್ಲಿ ಕಂಡು, ಅರಿತು, ಕಾಲು ಬ್ರೇಕಿಗೆ ಹೋಗುವ ಎರಡೂವರೆ ಸೆಕೆಂಡಿಗೇ 28 ಮೀಟರ್ ಮೀಸಲು. ಬ್ರೇಕಿಗೆ ಉಳಿದದ್ದು ಹದಿನೇಳು. ಅಂದರೆ ರಸ್ತೆ ಕಟ್ಟಿದವರು ನಿಮ್ಮ ಟೈರಿನಲ್ಲಿ ಕಚ್ಚಿದೆ ಎಂದು ನಂಬಿ ತಿರುವನ್ನು ಕಡಿದಿದ್ದಾರೆ. ಬೋಳು ಟೈರಿನವನಿಗೆ ಬೇಕಾದದ್ದು 73 ಮೀಟರ್. ದೇವಿಮನೆಯಲ್ಲಿ ಎದುರಿನ ಲಾರಿಯ ಮೂತಿ 73 ಮೀಟರ್ ದೂರದಿಂದ ಕಾಣುವ ತಿರುವುಗಳೆಷ್ಟಿವೆ, ಒಮ್ಮೆ ನೆನಪಿಸಿಕೊಳ್ಳಿ.

ತಿರುವಿನ ವೇಗದಲ್ಲೂ ಇದೇ ಕತೆ. ಮೂವತ್ತು ಮೀಟರ್ ತ್ರಿಜ್ಯದ ಸುತ್ತಿನಲ್ಲಿ, ರಸ್ತೆಯ ಓಲುವಿಕೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಒಣ ರಸ್ತೆಯಲ್ಲಿ ಜಾರುವ ಅಂಚು ಸುಮಾರು 52 ಕಿ.ಮೀ., ನೆನೆದಾಗ ಒಳ್ಳೆಯ ಟೈರಿಗೆ 39, ಬೋಳು ಟೈರಿಗೆ 28. ರಸ್ತೆ ಎಂಜಿನಿಯರರು ಇನ್ನೂ ಜಿಪುಣರು. ಅಡ್ಡ ಹಿಡಿತಕ್ಕೆ ಅವರು ಕೊಡುವುದು 0.15 ಮಾತ್ರ, ಘಟ್ಟದ ರಸ್ತೆಗೆ ಹೆಚ್ಚೆಂದರೆ ನೂರಕ್ಕೆ ಹತ್ತರ ಓಲುವಿಕೆ ಸೇರಿಸಿದರೆ ಆ ಸುತ್ತಿನ ವೇಗ 31 ಕಿ.ಮೀ. ತಿರುವಿನ ಫಲಕದ ಮೇಲಿನ ವೇಗದ ಅಂಕಿಯನ್ನು ನೋಡಿ ನಗುವವರುಂಟು, ‘ಇಲ್ಲಿ ಐವತ್ತರಲ್ಲೂ ಹೊಡೆಯಬಹುದು’ ಎಂದು. ಮಾರ್ಚ್‌ನಲ್ಲಿ ಹೊಡೆಯಬಹುದು, ಸರಿ. ಫಲಕ ಬರೆದವನು ಜುಲೈ ತಿಂಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ.

ಎರಡೇ ಹೊಸ ಟೈರಿಗೆ ದುಡ್ಡಿದ್ದರೆ ಅವನ್ನು ಎಲ್ಲಿ ಹಾಕಿಸಬೇಕು? ಕೇಳಿದ ಹತ್ತರಲ್ಲಿ ಒಂಬತ್ತು ಜನ ಮುಂದೆ ಅನ್ನುತ್ತಾರೆ. ಎಂಜಿನ್ ಎಳೆಯುವುದು ಮುಂದಿನ ಚಕ್ರ, ತಿರುಗುವುದು ಅದೇ, ಬ್ರೇಕಿನ ಭಾರ ಬೀಳುವುದೂ ಅದರ ಮೇಲೆ. ಕೇಳಲು ಸರಿಯಾಗಿಯೇ ಇದೆ. ಆದರೆ ಟೈರು ತಯಾರಕರ ಸಲಹೆ ಇದಕ್ಕೆ ತದ್ವಿರುದ್ಧ: ಒಳ್ಳೆಯ ಟೈರು ಹಿಂದಕ್ಕೆ. ಮುಂದಿನ ಟೈರು ಹಿಡಿತ ಕಳೆದುಕೊಂಡರೆ ಗಾಡಿ ತಿರುಗಬೇಕಾದಷ್ಟು ತಿರುಗದೆ ನೇರಕ್ಕೆ ಸರಿಯುತ್ತದೆ. ಸ್ಟೀರಿಂಗಿನಲ್ಲಿ ಅದು ಗೊತ್ತಾಗುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಬಹಳ ಸಲ ಹಿಡಿತ ಮರಳುತ್ತದೆ. ಹಿಂದಿನ ಟೈರು ಬಿಟ್ಟರೆ ಹಿಂಬದಿ ಬೀಸಿ ಗಾಡಿ ಗಿರಕಿ ಹೊಡೆಯುತ್ತದೆ. ಪಳಗಿದ ಕೈಗೂ ಅದನ್ನು ಸಂಭಾಳಿಸುವುದು ಕಷ್ಟ. ಘಟ್ಟ ಇಳಿಯುವಾಗ ಈ ಅಪಾಯ ಇಮ್ಮಡಿ. ಇಳಿಜಾರಿನಲ್ಲಿ ಭಾರ ಮುಂದಕ್ಕೆ ವಾಲಿದೆ, ಬ್ರೇಕ್ ಹಿಡಿದರೆ ಇನ್ನೂ ವಾಲುತ್ತದೆ, ಹಿಂದಿನ ಟೈರುಗಳ ಮೇಲೆ ಒತ್ತಡ ಕಡಿಮೆಯಾಗುತ್ತದೆ. ತಿರುವಿನ ನಡುವೆ ಗಾಬರಿಯಿಂದ ಬ್ರೇಕ್ ಒತ್ತಿದವನ ಗಾಡಿ ಹಿಂದುಮುಂದಾಗಿ ಗಟಾರಕ್ಕೆ ಬೀಳುವುದರ ಗುಟ್ಟು ಇದು. ಎಬಿಎಸ್ ಇದ್ದರೆ ಚಕ್ರ ಲಾಕ್ ಆಗುವುದು ತಪ್ಪುತ್ತದೆ, ಸ್ಟೀರಿಂಗ್ ಮಾತು ಕೇಳುತ್ತದೆ. ಆದರೆ ಇಲ್ಲದ ಹಿಡಿತವನ್ನು ಅದು ಹುಟ್ಟಿಸಲಾರದು.

ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಘಟ್ಟ ಇಳಿಯುವವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅವರಿಗೆ ಉಳಿಯುವುದು ಬ್ರೇಕ್ ಒಂದೇ, ಮತ್ತು ಬ್ರೇಕಿಗೆ ಉಳಿಯುವುದು ಟೈರು ಕೊಟ್ಟಷ್ಟು.

ಟೈರು ಸವೆದಿದೆಯೋ ಇಲ್ಲವೋ ನೋಡಲು ವಿದ್ಯೆ ಬೇಡ. ದೊಡ್ಡ ತೋಡುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಅಡ್ಡ ದಿಣ್ಣೆಗಳಿರುತ್ತವೆ. ಮೈ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಉಳಿದದ್ದು 1.6 ಮಿ.ಮೀ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮದಂತೆ ಕಾರು, ಬಸ್ಸು, ಲಾರಿಗಳಿಗೆ ಅದೇ ಕೊನೆಯ ಗಡಿ. ಬೈಕು, ಆಟೋಗಳಿಗೆ 0.8. ಸವೆದಷ್ಟೂ ಹಿಡಿತ ಒಂದೇ ಸಮನೆ ಇಳಿಯುವುದಿಲ್ಲ, ಮೂರು ಮಿಲಿಮೀಟರಿನ ಕೆಳಗೆ ಇಳಿಕೆ ಕಡಿದಾಗುತ್ತದೆ. ಹಾಗಾದರೆ ಮೂರಕ್ಕೇ ಬದಲಿಸಬೇಕೆ? ಇಲ್ಲಿ ತಜ್ಞರಲ್ಲೇ ಜಗಳವಿದೆ. ಮೂರಕ್ಕೇ ಎಸೆದರೆ ಕೋಟ್ಯಂತರ ಟೈರು ವ್ಯರ್ಥವಾಗುತ್ತವೆ, ಅದರ ಬದಲು ಸವೆದ ಮೇಲೂ ಹಿಡಿಯುವಂಥ ಟೈರು ಮಾಡೋಣ ಎಂದು ಮಿಷೆಲಿನ್ ಕಂಪನಿ ವಾದಿಸುತ್ತ ಬಂದಿದೆ. ಯುರೋಪಿನಲ್ಲಿ 2024ರಿಂದ ಹೊಸ ಮಾದರಿಯ ಕಾರಿನ ಟೈರುಗಳನ್ನು ಸವೆದ ಸ್ಥಿತಿಯಲ್ಲೂ ನೀರಿನ ಮೇಲೆ ಪರೀಕ್ಷಿಸಬೇಕಾಗಿದೆ. ಭಾರತದಲ್ಲಿ 2022ರಲ್ಲಿ ಹೊರಟ ಅಧಿಸೂಚನೆ ನೆನೆದ ರಸ್ತೆಯ ಹಿಡಿತಕ್ಕೆ ಮಾನದಂಡ ತಂದಿತು, ಅದು ಹೊಸ ಟೈರಿನ ಮಾತು. ನನ್ನ ಅಭಿಪ್ರಾಯ ಕೇಳಿದರೆ, ವಿಜಯಪುರದಲ್ಲಿ ಎರಡು ಮಿಲಿಮೀಟರಿನ ಟೈರು ಓಡಿಸಲಿ, ಅಡ್ಡಿಯಿಲ್ಲ. ಘಟ್ಟದ ಮೇಲಿನವರು ಮೇ ಕೊನೆಯಲ್ಲಿ ಮೂರಕ್ಕಿಂತ ಕಡಿಮೆಯ ಟೈರನ್ನು ಇಟ್ಟುಕೊಳ್ಳಬಾರದು.

ನೋಡುವಾಗ ಹೊರಗಿನ ಅಂಚನ್ನಷ್ಟೇ ನೋಡಿ ಬಿಡುವುದು ವಾಡಿಕೆ. ಅಲೈನ್‌ಮೆಂಟ್ ತಪ್ಪಿದ ಗಾಡಿಯಲ್ಲಿ ಒಳ ಅಂಚು ಮೊದಲು ಬೋಳಾಗುತ್ತದೆ. ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ಬಗ್ಗಿ ನೋಡದಿದ್ದರೆ ಅದು ಕಾಣುವುದಿಲ್ಲ. ವಯಸ್ಸೂ ಮುಖ್ಯ. ಟೈರಿನ ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿ, ಉದಾಹರಣೆಗೆ 2319 ಎಂದಿದ್ದರೆ 2019ರ ಇಪ್ಪತ್ತಮೂರನೇ ವಾರ ತಯಾರಾದದ್ದು ಎಂದರ್ಥ. ವರ್ಷಕ್ಕೆ ಮೂರು ಸಾವಿರ ಕಿ.ಮೀ. ಮಾತ್ರ ಓಡುವ ಊರಮನೆಯ ಕಾರಿನಲ್ಲಿ ಕಚ್ಚು ತುಂಬಿಕೊಂಡೇ ಇರುತ್ತದೆ, ರಬ್ಬರ್ ಮಾತ್ರ ಗಟ್ಟಿಯಾಗಿ ಜಲ್ಲಿಯ ಸಂದಿಗೆ ಇಳಿಯುವ ಗುಣವನ್ನೇ ಕಳೆದುಕೊಂಡಿರುತ್ತದೆ.

ಇಷ್ಟು ಹೇಳಿ ಎಲ್ಲವನ್ನೂ ಟೈರಿನ ತಲೆಗೆ ಕಟ್ಟುವುದು ತಪ್ಪಾಗುತ್ತದೆ. 2025ರ ಜನವರಿ 22ರ ಬೆಳಗಿನ ಜಾವ, ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು ತರಕಾರಿ ಮತ್ತು ಅದನ್ನು ಮಾರುವ ಜನರನ್ನು ಹೊತ್ತು ಹೊರಟ ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ, ಘಟ್ಟದ ರಸ್ತೆಯಲ್ಲಿ ಇನ್ನೊಂದು ವಾಹನಕ್ಕೆ ಸೈಡ್ ಕೊಡಲು ಹೋಗಿ ಐವತ್ತು ಮೀಟರಿನಷ್ಟು ಆಳಕ್ಕೆ ಉರುಳಿತು. ಹತ್ತು ಜನ ಸತ್ತರು. ಅದು ಮಳೆಗಾಲವಲ್ಲ. ತಡೆಗೋಡೆಯಿಲ್ಲದ ಅಂಚು, ಕತ್ತಲು, ಸರಕಿನ ಮೇಲೆ ಕೂತ ಮನುಷ್ಯರು: ಆ ಸಾವುಗಳ ಕಾರಣ ಅಲ್ಲಿದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನ ಸತ್ತರು. ಅಪಘಾತಗಳಲ್ಲಿ ಮುಕ್ಕಾಲು ಪಾಲಿನಷ್ಟು ನಡೆದದ್ದು ಬಿಸಿಲಿನ, ನಿಚ್ಚಳ ದಿನಗಳಲ್ಲಿ. ನೂರರಲ್ಲಿ ಎಪ್ಪತ್ತೆರಡಕ್ಕೆ ಕಾರಣವೆಂದು ನಮೂದಾದದ್ದು ಅತಿವೇಗ. ಈ ಅತಿವೇಗ ಎಂಬ ಖಾನೆಯೇ ನನಗೆ ಅನುಮಾನದ್ದು. ನಲವತ್ತು ಕಿ.ಮೀ. ಒಳ್ಳೆಯ ಟೈರಿಗೆ ಮಿತವೇಗ, ಬೋಳು ಟೈರಿಗೆ ಅತಿವೇಗ. ಖಾನೆ ತುಂಬುವವರಿಗೆ ಟೈರಿನ ಆಳ ಬೇಕಾಗಿಲ್ಲ.

ನ್ಯಾಯಾಲಯಗಳಿಗೆ ಬೇಕಾಗುತ್ತದೆ. ‘ಮಳೆಗೆ ಜಾರಿತು’, ‘ಟೈರು ಒಡೆಯಿತು’, ‘ಏನು ಮಾಡುವುದು, ಗ್ರಹಚಾರ’ ಎಂಬ ಮೂರೂ ಮಾತು ಕೋರ್ಟಿನೊಳಗೆ ಬಹಳ ದೂರ ಹೋಗುವುದಿಲ್ಲ. ಬ್ರಿಟನ್ನಿನಲ್ಲಿ ಟೈರು ಒಡೆದು ಬಸ್ಸೊಂದು ರಸ್ತೆಯಾಚೆಗೆ ಉರುಳಿದ ಬಾರ್ಕ್‌ವೇ ಪ್ರಕರಣದಲ್ಲಿ 1950ರಲ್ಲೇ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಕಂಪನಿಯನ್ನು ಹೊಣೆ ಮಾಡಿತು. ಟೈರಿಗೆ ಹಿಂದೆಂದೋ ಬಿದ್ದ ಪೆಟ್ಟಿನಿಂದ ಒಳಗೆ ಮುರಿತವಾಗಿತ್ತು. ಅಂಥ ಪೆಟ್ಟು ಬಿದ್ದಾಗ ಬಂದು ಹೇಳಬೇಕೆಂದು ಚಾಲಕರಿಗೆ ಕಂಪನಿ ತಿಳಿಸಿರಲಿಲ್ಲ ಎಂಬುದೇ ತಪ್ಪು. ನಮ್ಮ ರಸ್ತೆಗುಂಡಿಗಳನ್ನು ನೆನೆದು ಈ ತೀರ್ಪನ್ನು ಓದಬೇಕು. ಟೈರು ಒಡೆಯುವುದು ದೈವಿಕ ಘಟನೆಯಲ್ಲ, ಮನುಷ್ಯರ ನಿರ್ಲಕ್ಷ್ಯ ಎಂದು ಬಾಂಬೆ ಹೈಕೋರ್ಟ್ 2023ರಲ್ಲಿ ವಿಮಾ ಕಂಪನಿಯ ವಾದವನ್ನು ತಳ್ಳಿಹಾಕಿತು. ಹಾಸನ ಜಿಲ್ಲೆಯ 2014ರ ಒಂದು ಅಪಘಾತದಲ್ಲಿ ತಾನೇ ಓಡಿಸುತ್ತಿದ್ದ ಕಾರು ಪಲ್ಟಿಯಾಗಿ ಸತ್ತವನ ಮನೆಯವರು ಟೈರು ಒಡೆದದ್ದೇ ಕಾರಣವೆಂದರು, ಪೊಲೀಸರು ಅತಿವೇಗ ಎಂದರು. ಕರ್ನಾಟಕ ಹೈಕೋರ್ಟ್ ಪರಿಹಾರ ನಿರಾಕರಿಸಿತು. 2025ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸ್ವಂತ ತಪ್ಪಿನಿಂದ ಸತ್ತರೆ ಮನೆಯವರಿಗೆ ಆ ಪರಿಹಾರವೂ ಇಲ್ಲ.

1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಮು ಟೈರಿನ ಈ ಭೌತವಿಜ್ಞಾನವನ್ನು ಬಲ್ಲವರು ಬರೆದಂತಿದೆ. ಅಪಾಯಕ್ಕೆ ದಾರಿಯಾಗುವ ದೋಷವಿರುವ ವಾಹನವನ್ನು ರಸ್ತೆಗೆ ತರುವುದು ಅಪರಾಧ ಎನ್ನುವ ಅದು, ಗೊತ್ತಿದ್ದೂ ತಂದವನನ್ನು ಮಾತ್ರ ಹಿಡಿಯುವುದಿಲ್ಲ. ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದೋಷಕ್ಕೂ ಹೊಣೆ ಮಾಡುತ್ತದೆ. ‘ಗಾಡಿ ಇಷ್ಟು ದಿನ ಚೆನ್ನಾಗಿಯೇ ಇತ್ತು’ ಎಂಬುದು ಅಲ್ಲಿ ಉತ್ತರವಲ್ಲ, ಬಗ್ಗಿ ನೋಡಿದ್ದೆಯಾ ಎಂಬುದು ಪ್ರಶ್ನೆ. ಅಪಘಾತದ ಹೊಣೆಯನ್ನು ನಾವು ಜಾರಿದ ಆ ಒಂದು ಸೆಕೆಂಡಿನಲ್ಲಿ ಹುಡುಕುತ್ತೇವೆ, ಬ್ರೇಕ್ ಒತ್ತಿದ್ದು ಸರಿಯೋ ತಪ್ಪೋ ಎಂದು. ಆ ಸೆಕೆಂಡಿನಲ್ಲಿ ಚಾಲಕನ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ಇದ್ದದ್ದು ಮೇ ತಿಂಗಳಲ್ಲಿ, ಟೈರಂಗಡಿಯ ಮುಂದೆ.

ಅದೇ ಕಲಮು ಓಡಿಸಿದವನ ಜೊತೆಗೆ ಓಡಿಸಲು ಬಿಟ್ಟವನನ್ನೂ ಸೇರಿಸುತ್ತದೆ. ಮಳೆಗಾಲದ ಶನಿವಾರ ಭಾನುವಾರ ಹುಬ್ಬಳ್ಳಿ, ಬೆಂಗಳೂರುಗಳಿಂದ ಜೋಗಕ್ಕೂ ಸಾತೊಡ್ಡಿಗೂ ಸಹಸ್ರಲಿಂಗಕ್ಕೂ ಸಾಲುಗಟ್ಟಿ ಬರುವ ಬಾಡಿಗೆ ಗಾಡಿಗಳ ಚಾಲಕರಿಗೆ ಟೈರು ಬದಲಿಸುವ ಅಧಿಕಾರವಿಲ್ಲ; ಅದು ಮಾಲೀಕರದು. ಅಪಘಾತವಾದರೆ ‘ಅತೀ ವೇಗ ಹಾಗೂ ನಿಷ್ಕಾಳಜಿಯಿಂದ ಚಲಾಯಿಸಿ’ ಎಂದು ಎಫ್‌ಐಆರ್‌ನಲ್ಲಿ ಹೆಸರು ಬರುವುದು ಚಾಲಕನದು. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ ಐದು ವರ್ಷದವರೆಗೆ ಶಿಕ್ಷೆಯಿದೆ, ಹಳೆಯ ದಂಡ ಸಂಹಿತೆಯಲ್ಲಿ ಅದು ಎರಡು ವರ್ಷವಿತ್ತು. ಮಹಜರು ಮುಗಿದ ಮೇಲೆ ಬ್ರೇಕ್ ಇನ್‌ಸ್ಪೆಕ್ಟರ್ ಬಂದು ಗಾಡಿ ನೋಡುತ್ತಾರೆ. ಅಪಘಾತ ಯಾಂತ್ರಿಕ ದೋಷದಿಂದ ಆದದ್ದಲ್ಲ ಎಂಬ ಒಂದು ಸಾಲು ಇಂಥ ವರದಿಗಳಲ್ಲಿ ಸಾಮಾನ್ಯ. ಆ ಸಾಲಿನ ಪಕ್ಕದಲ್ಲೇ ನಾಲ್ಕು ಟೈರುಗಳ ಕಚ್ಚಿನ ಆಳವನ್ನು ಮಿಲಿಮೀಟರಿನಲ್ಲಿ, ಒಳ ಅಂಚಿನದನ್ನೂ ಸೇರಿಸಿ, ಬರೆಯುವುದು ಕಡ್ಡಾಯವಾದರೆ ಮಾಲೀಕನ ಹೆಸರು ಎಷ್ಟು ಪ್ರಕರಣಗಳಲ್ಲಿ ಚಾಲಕನ ಹೆಸರಿನ ಜೊತೆಗೆ ಬರಬೇಕಿತ್ತೆಂಬುದು ಒಂದೇ ಮಳೆಗಾಲದಲ್ಲಿ ಗೊತ್ತಾಗುತ್ತದೆ. ಅಳೆಯುವ ಕಡ್ಡಿ ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದು, ಕೆಲಸ ಐದು ನಿಮಿಷದ್ದು.